ಪಂಜಿನ ಬೆಳಕಲ್ಲಿ ಕುದುರೆಗಳ ಸರದಿ

ಹುಣಸೂರಿನವರಿಗೆ ದಸರಾ ಅಂದ್ರೆ ಆನೆ. ಗಜಪಯಣ ಹೊರಡೋದೇ ನಮ್ಮ ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಅಲ್ವಾ! ಕುದುರೆಗಳನ್ನು ನಾನು ಸರಿಯಾಗಿ ನೋಡಿದ್ದು ಕೆಲಸಕ್ಕೆ ಸೇರಿದ ಮೇಲೆ, ವಿಜಯದಶಮಿ ರಾತ್ರಿ ಮೈಸೂರಿನ ಬನ್ನಿಮಂಟಪದಲ್ಲಿ ನಡೆಯುವ ಪಂಜಿನ ಕವಾಯತಿನಲ್ಲಿ.

ಅಶ್ವಾರೋಹಿ ಪೊಲೀಸರ ಟೆಂಟ್ ಪೆಗ್ಗಿಂಗ್ ಶುರುವಾಯ್ತು. ನೆಲದಲ್ಲಿ ನೆಟ್ಟ ಪುಟ್ಟ ಗೂಟ, ನಾಗಾಲೋಟದ ಕುದುರೆ. ಸವಾರ ಬಗ್ಗಿ, ಈಟಿಯ ತುದಿಯಲ್ಲಿ ಗೂಟವನ್ನು ಕಿತ್ತೆತ್ತಬೇಕು. ಮೊದಲನೆಯವರಿಗೆ ತಪ್ಪಿತು, ಗ್ಯಾಲರಿ ಪೂರ್ತಿ "ಛೇ" ಅಂತು. ಎರಡನೆಯವರು ಎತ್ತಿಕೊಂಡು ಹೋದಾಗ ನನ್ನ ಮೊಬೈಲ್ ಇನ್ನೂ ಫೋಕಸ್ ಆಗ್ತಾನೇ ಇತ್ತು.

ಇದು ಮೂಲದಲ್ಲಿ ಅಶ್ವಸೈನ್ಯದ ತಾಲೀಮು. 1918ರ ಸೆಪ್ಟೆಂಬರ್ 23ರಂದು ಹೈಫಾ ಯುದ್ಧದಲ್ಲಿ ಕಾರ್ಮೆಲ್ ಬೆಟ್ಟದ ಫಿರಂಗಿಗಳನ್ನು ವಶಪಡಿಸಿಕೊಂಡಿದ್ದು ನಮ್ಮ ಮೈಸೂರು ಲ್ಯಾನ್ಸರ್ಸ್, ಕುದುರೆ ಮೇಲೆಯೇ ನುಗ್ಗಿ.

ಆದರೆ ನನ್ನನ್ನು ಕಾಡಿದ್ದು ಸವಾರನಿಗಿಂತ ಕುದುರೆ. ಬೆಚ್ಚಿದರೆ ಓಡುವುದೇ ಅದರ ಹುಟ್ಟುಗುಣ. ಈ ಬೆಂಕಿ, ಗದ್ದಲದ ನಡುವೆ ಅದು ಹೆದರಿದರೆ ಸವಾರ ನೆಲಕ್ಕೆ. ಅದಕ್ಕೇ ದಸರೆಗೆ ಮುಂಚೆ ಆನೆಗಳ ಜೊತೆ ಕುದುರೆಗಳನ್ನೂ ನಿಲ್ಲಿಸಿ, ಕುಶಾಲತೋಪು ಸಿಡಿಸಿ ಅಭ್ಯಾಸ ಮಾಡಿಸ್ತಾರೆ. ಒಂದು ದಿನಕ್ಕೆ ಮುಗಿಯಲ್ಲ, ಮತ್ತೆ ಮತ್ತೆ.

ಕೊನೆಗೆ ಪಟಾಕಿ ಸಿಡಿಯಿತು. ಅಂಚಿನಲ್ಲಿ ನಿಂತಿದ್ದ ಒಂದು ಕುದುರೆ ಕಿವಿ ಅಲ್ಲಾಡಿಸಿತು, ಅಷ್ಟೇ. ಬೆಚ್ಚಿಬಿದ್ದದ್ದು ನಾನು.