ಬೆರ್ಬರರ ಎರಡು ಹೋರಾಟಗಳು

ಈಜಿಪ್ಟ್ ದೇಶವನ್ನು ಗೆಲ್ಲುವುದಕ್ಕೆ ಅರಬ್ಬರಿಗೆ ಮೂರು ವರ್ಷಗಳೂ ಪೂರ್ತಿಯಾಗಿ ಹಿಡಿಯಲಿಲ್ಲ. ಕ್ರಿ. ಶ. 642ರಲ್ಲಿ ಅಲೆಕ್ಸಾಂಡ್ರಿಯ ನಗರವು ಅವರ ಕೈಸೇರಿತು. ಆದರೆ ಅಲ್ಲಿಂದ ಪಡುವಣಕ್ಕೆ ಅಟ್ಲಾಂಟಿಕ್ ಸಾಗರದವರೆಗೆ ಹಬ್ಬಿರುವ ಮಗ್ರಿಬ್ ಪ್ರಾಂತವನ್ನು ವಶಪಡಿಸಿಕೊಳ್ಳುವುದಕ್ಕೆ ಅವರಿಗೆ ಅರವತ್ತು ವರ್ಷಗಳಿಗೂ ಮೀರಿದ ಕಾಲ ಬೇಕಾಯಿತು. ಇದರ ಕಾರಣವೇನೆಂಬುದನ್ನು ಈ ಹೊತ್ತು ನಾವು ಕೊಂಚ ವಿಚಾರಮಾಡೋಣ.

ಈಜಿಪ್ಟಿಗೆ ಒಂದು ಸರ್ಕಾರವಿದ್ದಿತು. ಅದರೊಡನೆ ಒಪ್ಪಂದವಾದೊಡನೆ ನಾಡೆಲ್ಲವೂ ತಲೆಬಾಗಿತು. ಮಗ್ರಿಬಿನ ಸ್ಥಿತಿ ಬೇರೆ. ಕರಾವಳಿಯ ಪಟ್ಟಣಗಳು ಮೂಡಲ ರೋಮನ್ ಚಕ್ರವರ್ತಿಯ ಅಧೀನದಲ್ಲಿದ್ದವು. ಒಳನಾಡಿನ ಬೆಟ್ಟಗಳೂ ಮರುಭೂಮಿಯ ಅಂಚೂ ಬೆರ್ಬರರ ಹಲವು ಕುಲಗಳಿಗೆ ಸೇರಿದ್ದವು. ಬೆರ್ಬರರೆಂಬುದು ಅನ್ಯರು ಇಟ್ಟ ಹೆಸರು. ಅವರು ತಮ್ಮನ್ನು ಅಮಾಜಿಗರೆಂದು ಕರೆದುಕೊಳ್ಳುತ್ತಾರೆ. ಒಂದು ಕುಲವನ್ನು ಸೋಲಿಸಿದರೆ ಮತ್ತೊಂದು ಎದ್ದುನಿಲ್ಲುತ್ತಿದ್ದಿತು. ಗೆದ್ದವನು ಯಾರೊಡನೆ ಸಂಧಿ ಮಾಡಿಕೊಳ್ಳಬೇಕು?

670ರಲ್ಲಿ ಉಕ್ಬಾ ಎಂಬ ಸೇನಾನಿಯು ಕೈರವಾನ್ ನಗರವನ್ನು ಸ್ಥಾಪಿಸಿದನು. 683ರಲ್ಲಿ ಅವನನ್ನು ಔರಬಾ ಕುಲದ ನಾಯಕ ಕುಸೈಲನು ಯುದ್ಧದಲ್ಲಿ ಕೊಂದು, ಕೈರವಾನನ್ನೇ ಹಿಡಿದು ಕೆಲವು ವರ್ಷ ಆಳಿದನು. ಅವನು ಮಡಿದ ಮೇಲೆ ಔರೇಸ್ ಬೆಟ್ಟಗಳ ಜರಾವಾ ಕುಲದ ಒಡತಿಯೊಬ್ಬಳು ಮುಂದೆ ಬಂದಳು. ಅರಬ್ಬರು ಅವಳನ್ನು ಕಾಹಿನಾ, ಎಂದರೆ ಕಣಿ ಹೇಳುವವಳು, ಎಂದು ಕರೆದರು. ಅವಳು ಸೇನಾಪತಿ ಹಸ್ಸಾನನನ್ನು ಸೋಲಿಸಿ ಮೂಡಲಿಗೆ ಅಟ್ಟಿದಳು. ಶತ್ರುವಿಗೆ ಏನೂ ದಕ್ಕದಿರಲೆಂದು ತನ್ನ ನಾಡಿನ ತೋಟಗಳನ್ನೇ ಅವಳು ಹಾಳುಗೆಡವಿಸಿದಳೆಂದೂ, ಅದರಿಂದ ಜನರ ಒಲವನ್ನು ಕಳೆದುಕೊಂಡಳೆಂದೂ ಕಥೆಯಿದೆ. ಈ ವೃತ್ತಾಂತಗಳನ್ನು ಬರೆದವರು ನೂರಾರು ವರ್ಷಗಳ ತರುವಾಯದ ಅರಬ್ಬೀ ಚರಿತ್ರಕಾರರಾದುದರಿಂದ, ಇವನ್ನು ನಾವು ಎಚ್ಚರದಿಂದ ಓದಬೇಕು. ಸುಮಾರು 700ರ ಬಳಿಕ ಹಸ್ಸಾನನು ಹಿಂದಿರುಗಿದಾಗ ಅವಳು ರಣದಲ್ಲಿ ಬಿದ್ದಳು.

ಇಲ್ಲಿಗೆ ಕಥೆ ಮುಗಿಯಿತೆಂದು ತಿಳಿಯಬಾರದು. ಬೆರ್ಬರರು ಬಹುಮಟ್ಟಿಗೆ ಇಸ್ಲಾಮನ್ನು ಸ್ವೀಕರಿಸಿದರು. 711ರಲ್ಲಿ ತಾರಿಕನೊಡನೆ ಸ್ಪೇನಿಗೆ ದಾಟಿದ ಸೇನೆಯಲ್ಲಿ ಹೆಚ್ಚಿನವರು ಅವರೇ. ಆದರೂ ಡಮಾಸ್ಕಸ್ಸಿನ ಅಧಿಕಾರಿಗಳು ಅವರನ್ನು ಸಹಧರ್ಮೀಯರಂತೆ ನಡೆಸಿಕೊಳ್ಳಲಿಲ್ಲ. ಸೋತವರಂತೆ ಕಂಡು ಕಂದಾಯ ಹೇರಿದರು. ಅವರ ಹೆಣ್ಣುಮಕ್ಕಳನ್ನು ದಾಸಿಯರನ್ನಾಗಿ ಒಯ್ದರು. ಭಕ್ತನಾದ ಯಾವ ಮುಸ್ಲಿಮನೂ, ಅವನ ಕುಲ ಯಾವುದೇ ಇರಲಿ, ನಾಯಕನಾಗಬಹುದೆಂದು ಬೋಧಿಸುತ್ತಿದ್ದ ಖಾರಿಜಿ ಪಂಥದವರ ಮಾತು ಇಂಥವರ ಎದೆಗೆ ನಾಟಿದುದು ಸಹಜವೇ. 740ರಲ್ಲಿ ಟಾಂಜಿಯರಿನಲ್ಲಿ ಮೈಸರನ ಮುಂದಾಳುತನದಲ್ಲಿ ದಂಗೆಯೆದ್ದಿತು. ಮರುವರ್ಷ ಖಲೀಫ ಹಿಶಾಮನು ಕಳುಹಿಸಿದ ದೊಡ್ಡ ಸೇನೆಯು ಸೆಬೂ ನದಿಯ ಬಳಿ ಸೋತಿತು. ಅದರ ದಳಪತಿ ಕುಲ್ತೂಮನು ಮಡಿದನು. ಮಗ್ರಿಬಿನ ಪಡುವಣ ಭಾಗವು ಮತ್ತೆ ಡಮಾಸ್ಕಸ್ಸಿನ ಆಳ್ವಿಕೆಗೆ ಮರಳಲೇ ಇಲ್ಲ.

ಮೊದಲನೆಯ ಹೋರಾಟವು ನೆಲಕ್ಕಾಗಿ. ಅದರಲ್ಲಿ ಬೆರ್ಬರರು ಸೋತರು. ಎರಡನೆಯದು ಸಮಾನತೆಗಾಗಿ, ಗೆದ್ದವರು ತಂದ ಧರ್ಮವೇ ಅದಕ್ಕೆ ಆಯುಧವಾಯಿತು. ಅವರ ನುಡಿಯೂ ಅಳಿಯಲಿಲ್ಲ. 2011ರಲ್ಲಿ ಮೊರಾಕೊ, 2016ರಲ್ಲಿ ಆಲ್ಜೀರಿಯ ಅದನ್ನು ತಮ್ಮ ರಾಜ್ಯಾಂಗಗಳಲ್ಲಿ ಅಧಿಕೃತ ಭಾಷೆಯೆಂದು ಅಂಗೀಕರಿಸಿದವು. ರಣರಂಗದ ತೀರ್ಪು ಒಂದು ಜನಾಂಗದ ಪಾಲಿಗೆ ಕಡೆಯ ತೀರ್ಪಲ್ಲವೆಂಬುದನ್ನು ನಾವು ಇಲ್ಲಿ ಕಾಣಬಹುದು.