ಹಳೇ ಜೀಪಿನ ಮುಂದಿನ ಗ್ಲಾಸಿನ ಸುತ್ತ ಜಂಗು: ಪುಟ್ಟಿ ಮೆತ್ತಿದರೆ ಹೋಗಲ್ಲ, ಮಳಿಗೆ ಮೊದಲೇ ಹೀಗೆ ಮಾಡಿಸಿ

ಕಲಘಟಗಿ: ಮಳೆಗಾಲ ಶುರುವಾಗಿ ವಾರ ಆಗಿರುವುದಿಲ್ಲ, ಗ್ಯಾರೇಜುಗಳ ಮುಂದೆ ಹಳೇ ಜೀಪುಗಳು ಸಾಲು ಹಚ್ಚುತ್ತವೆ. ಎಲ್ಲರದ್ದೂ ಒಂದೇ ದೂರು: "ಗ್ಲಾಸಿನ ಬುಡದಿಂದ ನೀರು ಇಳ್ಯಾಕತ್ತೇತ್ರಿ, ಕಾಲಾಗಿನ ಮ್ಯಾಟ್ ತೊಯ್ದು ಹೋತು." ಕಮಾಂಡರ್, ಮಾರ್ಷಲ್, ಜಿಪ್ಸಿ, ಹಳೇ ಬೊಲೆರೊ, ಯಾವುದೇ ಇರಲಿ, ವಯಸ್ಸಾದ ಗಾಡಿಗೆ ಈ ರೋಗ ತಪ್ಪಿದ್ದಲ್ಲ.

ನಮ್ಮ ಮನೆಯಲ್ಲೂ ಒಂದು ಕಮಾಂಡರ್ ಇದೆ. ಗ್ಲಾಸಿನ ಕೆಳಗೆ ಬಣ್ಣ ಗುಳ್ಳೆ ಎದ್ದಾಗ ಒಬ್ಬ ಪೇಂಟರ್ ಅದನ್ನು ಕೆರೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಒಂದೇ ದಿನದಲ್ಲಿ ಕೊಟ್ಟ. ಹೊಸ ಗಾಡಿ ಹಂಗ ಕಾಣ್ತಿತ್ತು. ಮುಂದಿನ ಶ್ರಾವಣದಾಗ ಪುಟ್ಟಿ ಚೂರು ಚೂರಾಗಿ ಉದುರಿತು, ಒಳಗೆ ಬೆರಳು ತೂರುವಷ್ಟು ತೂತು. ನೀರು ನೇರ ಫ್ಯೂಜಿನ ಡಬ್ಬಿ ಮೇಲೆ. ಹೆಸರಿನ ಚೀಲ ಹೇರಿಕೊಂಡು ರಾತ್ರಿ ಬರುವಾಗ ವೈಪರ್ ಮತ್ತು ಹೆಡ್‌ಲೈಟ್ ಎರಡೂ ಒಮ್ಮೆಲೇ ಬಂದ್ ಆದವು. ಪಕ್ಕದಲ್ಲಿ ಅಪ್ಪ, ಹಿಂದೆ ಇಬ್ಬರು ಆಳು. ಯಾರಿಗೂ ಏನೂ ಆಗಲಿಲ್ಲ, ಅಷ್ಟೇ ಪುಣ್ಯ. ಅಲ್ಲಿಂದ ಈಚೆ ಈ ಕೆಲಸವನ್ನು ಗ್ಯಾರೇಜುಗಳಲ್ಲಿ ಕೂತು ನೋಡಿ, ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಗ್ಲಾಸನ್ನು ಹಿಡಿದಿರುವುದು ರಬ್ಬರ್ ಬೀಡಿಂಗ್. ಆ ರಬ್ಬರಿಗೂ ತಗಡಿಗೂ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ನೀರು ಒಳಗೆ ಎಳೆದುಕೊಳ್ಳುತ್ತದೆ, ಹೊರಗೆ ಬರುವುದಿಲ್ಲ. ನವಲಗುಂದ, ಅಣ್ಣಿಗೇರಿ ಕಡೆ ಇನ್ನೊಂದು ತಾಪತ್ರಯ. ಎರಿ ಮಣ್ಣಿನ ಧೂಳು ಬೇಸಿಗೆಯಲ್ಲಿ ಸಂದಿಯಲ್ಲಿ ತುಂಬಿಕೊಂಡು, ಮಳಿ ಬಿದ್ದ ಮೇಲೆ ಹಸಿ ಬಟ್ಟೆಯಂತೆ ದಿನಗಟ್ಟಲೆ ತೇವ ಹಿಡಿದಿಡುತ್ತದೆ. ಕಲಘಟಗಿ ಕಡೆ ಧೂಳು ಕಡಿಮೆ, ಮಳಿ ಜಾಸ್ತಿ. ಹೊಲದ ದಾರಿಯಲ್ಲಿ ಗಾಡಿ ತಿರುಚಿ ಕುಣಿಯುವಾಗ ಹಳೇ ರಬ್ಬರ್ ಜಾಗ ಬಿಡುತ್ತದೆ. ಹಿಂದೆ ಯಾರೋ ಗ್ಲಾಸ್ ಬದಲಿಸುವಾಗ ಸ್ಕ್ರೂಡ್ರೈವರ್‌ನಿಂದ ಬಣ್ಣ ಗೀರಿದ್ದರೆ, ಜಂಗು ಹುಟ್ಟುವುದು ಅಲ್ಲಿಂದಲೇ.

ಜಂಗು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ರಬ್ಬರಿನ ಕೆಳಗೆ ಉಬ್ಬಿ ಗ್ಲಾಸಿನ ಅಂಚನ್ನು ಒತ್ತುತ್ತದೆ. ಕಲ್ಲು ಬಡಿಯದೇ ಮೂಲೆಯಿಂದ ಬಿರುಕು ಬಿಟ್ಟರೆ ಇದೇ ಕಾರಣ ಇರಬಹುದು.

ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹಿಡಿಯಿರಿ. ಒಬ್ಬರು ಒಳಗೆ ಬ್ಯಾಟರಿ ಹಿಡಿದು ಕೂಡಬೇಕು, ಇನ್ನೊಬ್ಬರು ಪೈಪಿನಿಂದ ಸಣ್ಣಗೆ ನೀರು ಬಿಡಬೇಕು. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೇಲಿಂದ ಸುರಿದರೆ ಎಲ್ಲ ಕಡೆ ನೀರಾಗಿ ಏನೂ ತಿಳಿಯುವುದಿಲ್ಲ. ಹಳೇ ಮಹೀಂದ್ರಾ ಜೀಪಿಗೆ ಇಲ್ಲಿ ಒಂದು ವಿಶೇಷ ಇದೆ. ಅದರ ವಿನ್ಯಾಸ ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನದು, ಗ್ಲಾಸಿನ ಚೌಕಟ್ಟು ಬೇರೆಯೇ ತುಂಡು. ಹಾಗಾಗಿ ಚೌಕಟ್ಟಿಗೂ ಬಾನೆಟ್ ಹಿಂದಿನ ತಗಡಿಗೂ ನಡುವೆ ಮತ್ತೊಂದು ರಬ್ಬರ್ ಪಟ್ಟಿ ಇರುತ್ತದೆ. ಎಷ್ಟೋ ಮಂದಿ ಗ್ಲಾಸಿನ ರಬ್ಬರ್ ಬದಲಿಸಿ, ತೂತು ಈ ಪಟ್ಟಿಯಲ್ಲಿತ್ತು ಅಂತ ಆಮೇಲೆ ತಿಳಿದುಕೊಂಡಿದ್ದಾರೆ. ಲಾಭವೂ ಇದೆ: ಬೋಲ್ಟ್ ಬಿಚ್ಚಿ ಚೌಕಟ್ಟನ್ನೇ ಕೆಳಗಿಳಿಸಿ ಆರಾಮಾಗಿ ಕೆಲಸ ಮಾಡಬಹುದು. ಬೊಲೆರೊದಲ್ಲಿ ಆ ಸೌಲಭ್ಯ ಇಲ್ಲ, ಚೌಕಟ್ಟು ಬಾಡಿಯ ಭಾಗವೇ.

ಗುಳ್ಳೆ ಎದ್ದಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಗಟ್ಟಿ ಇದ್ದರೆ ಮೇಲ್ಮೈ ಜಂಗು, ಕುಸಿದರೆ ತಗಡೇ ಹೋಗಿದೆ. ಎರಡಕ್ಕೂ ಗ್ಲಾಸ್ ತೆಗೆಯಲೇಬೇಕು. "ಗ್ಲಾಸ್ ತಗೀದೆ ಮಾಡ್ಕೊಡ್ತೀನಿ" ಅನ್ನುವವರ ಹತ್ತಿರ ಗಾಡಿ ಬಿಡಬೇಡಿ. ರಬ್ಬರ್ ಹೊಸದು ಹಾಕುವುದಿದ್ದರೆ ಹಳೆಯದನ್ನು ಬ್ಲೇಡಿನಿಂದ ಕೊಯ್ದು ತೆಗೆಯುವುದೇ ಒಳ್ಳೆಯದು, ಮೀಟಿ ತೆಗೆಯಲು ಹೋದರೆ ಗ್ಲಾಸ್ ಹೋಗುತ್ತದೆ.

ಆಮೇಲೆ ವೈರ್ ಬ್ರಶ್ ಹಾಕಿ ಬೆಳ್ಳಗೆ ಹೊಳೆಯುವ ತಗಡು ಕಾಣುವ ತನಕ ತಿಕ್ಕಿಸಬೇಕು. ಸಣ್ಣ ಗುಂಡಿಗಳಲ್ಲಿ ಉಳಿದ ಕರೆಗೆ ರಸ್ಟ್ ಕನ್ವರ್ಟರ್ ಸಾಕು, ಜಂಗು ಕಪ್ಪಾಗಿ ಗಟ್ಟಿಯಾಗುತ್ತದೆ. ತೂತಿಗೆ ಅದು ಔಷಧ ಅಲ್ಲ. ತೂತು ಇದ್ದರೆ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸ ತುಂಡು ಬೆಸೆಯಬೇಕು. ಇಲ್ಲಿ ಅವಸರ ಮಾಡಬಾರದು. ಒಂದೇ ಎಳೆತಕ್ಕೆ ಉದ್ದ ವೆಲ್ಡಿಂಗ್ ಹೊಡೆದರೆ ತಗಡು ಕಾದು ಸೊಟ್ಟಗಾಗುತ್ತದೆ, ಸೊಟ್ಟ ಚೌಕಟ್ಟಿನಲ್ಲಿ ಕೂಡಿಸಿದ ಗ್ಲಾಸ್ ಹೊಲದ ದಾರಿಯಲ್ಲಿ ಬಿರಿಯುತ್ತದೆ. ಅಲ್ಲೊಂದು ಇಲ್ಲೊಂದು ಚುಕ್ಕಿ ಹಾಕಿ, ಆರಲು ಬಿಟ್ಟು, ನಡುವೆ ತುಂಬುತ್ತಾ ಬರಬೇಕು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ವೈರ್ ಬಿಚ್ಚಿ, ಡ್ಯಾಶ್‌ಬೋರ್ಡಿನ ವೈರಿಂಗ್ ಸರಿಸಿ, ಪಕ್ಕದಲ್ಲಿ ಹಸಿ ಗೋಣಿಚೀಲ ಇಟ್ಟುಕೊಳ್ಳಿ.

ಪ್ರೈಮರ್ ವಿಷಯದಲ್ಲಿ ನಮ್ಮವರು ಉಳಿತಾಯ ಮಾಡುತ್ತಾರೆ. ಗೇಟಿಗೆ ಹಚ್ಚುವ ರೆಡ್ ಆಕ್ಸೈಡ್ ಬೇಡ, ಎಪಾಕ್ಸಿ ಪ್ರೈಮರ್ ಕೇಳಿ. ಪುಟ್ಟಿ ನೀರು ಹೀರುತ್ತದೆ, ಆದ್ದರಿಂದ ಅದು ಪ್ರೈಮರ್ ಮೇಲೆ, ತೆಳ್ಳಗೆ, ಹೊರಗೆ ಕಾಣುವ ಭಾಗಕ್ಕೆ ಮಾತ್ರ. ರಬ್ಬರ್ ಕೂಡುವ ಅಂಚಿಗೆ ಪುಟ್ಟಿ ಹಾಕಲೇಬಾರದು. ಹುಳಿ ವಾಸನೆಯ ಬಾತ್‌ರೂಮ್ ಸಿಲಿಕೋನ್ ಕೂಡ ಬೇಡ, ಅದರ ಆಮ್ಲ ಬರಿ ತಗಡಿಗೆ ಮತ್ತೆ ಜಂಗು ಹಿಡಿಸುತ್ತದೆ. ಹಳೇ ಇಂಜಿನ್ ಆಯಿಲ್ ಸುರಿಯುವ ರೂಢಿಯೂ ಇದೆ. ಅದು ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ.

ಗ್ಲಾಸ್ ಬದಲಿಸುವುದಾದರೆ ಲ್ಯಾಮಿನೇಟೆಡ್ ಗ್ಲಾಸನ್ನೇ ಹಾಕಿಸಿ. ಜೀಪಿನ ಗ್ಲಾಸ್ ಸಪಾಟು ಇರುವುದರಿಂದ ಕಿಟಕಿ ಗ್ಲಾಸ್ ಕತ್ತರಿಸಿ ಕೂಡಿಸುವವರು ಇದ್ದಾರೆ. ಒಡೆದರೆ ಅದು ಚಾಕುವಿನಂಥ ಚೂರಾಗಿ ಮುಖಕ್ಕೇ ಬರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಗ್ಲಾಸ್ ಲ್ಯಾಮಿನೇಟೆಡ್ ಇರಬೇಕು, ಕನಿಷ್ಠ ಶೇ. 70ರಷ್ಟು ಬೆಳಕು ಬಿಡಬೇಕು. ಖಾಸಗಿ ಗಾಡಿಗೆ 15 ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಆರ್‌ಟಿಒಗೆ ಒಯ್ದಾಗ ಗಾಡಿ ಸುಸ್ಥಿತಿಯಲ್ಲಿದೆಯಾ ಅಂತ ನೋಡುತ್ತಾರೆ. ನವೀಕರಣ ಸಿಗುವುದು 5 ವರ್ಷಕ್ಕೆ. ಅರ್ಜಿ ಹಾಕುವ ಮೊದಲೇ ಈ ಕೆಲಸ ಮುಗಿಸಿಕೊಂಡರೆ ಎರಡು ಸಲ ಓಡಾಡುವುದು ತಪ್ಪುತ್ತದೆ.

ಬಣ್ಣ ಪೂರ್ತಿ ಒಣಗಿದ ಮೇಲೆ ಗ್ಲಾಸ್ ಕೂಡಿಸುವ ಕೆಲಸ ನೋಡಲು ಮಜಾ ಇರುತ್ತದೆ. ಹೊಸ ರಬ್ಬರನ್ನು ಗ್ಲಾಸಿಗೆ ಹಾಕಿ, ಅದರ ಹೊರ ಗಾಡಿಯಲ್ಲಿ ಸುತ್ತಲೂ ಗಟ್ಟಿ ದಾರ ಕೂಡಿಸುತ್ತಾರೆ, ಎರಡೂ ತುದಿ ಕೆಳಗೆ ನಡುವೆ ಬರುವಂತೆ. ಸಬಕಾರದ ನೀರು ಸವರಿ ಒಬ್ಬರು ಹೊರಗಿನಿಂದ ಒತ್ತುತ್ತಾರೆ, ಇನ್ನೊಬ್ಬರು ಒಳಗಿನಿಂದ ದಾರ ಎಳೆಯುತ್ತಾ ಬರುತ್ತಾರೆ. ದಾರ ಬಂದ ಹಾಗೆ ರಬ್ಬರಿನ ತುಟಿ ತಗಡಿನ ಮೇಲೆ ತಾನೇ ಏರಿ ಕೂಡುತ್ತದೆ.

ಕಡ್ಲಿ ಸುಗ್ಗಿ ಮುಗಿದ ಮೇಲೆ, ಮುಂಗಾರಿಗೆ ಮೊದಲು, ಅಂದರೆ ಏಪ್ರಿಲ್-ಮೇ ಇದಕ್ಕೆ ಸರಿಯಾದ ಹೊತ್ತು. ಪ್ರೈಮರ್ ಹಚ್ಚಿದ ತಗಡನ್ನು ಅಡ್ಡಮಳಿಗೆ ತೋಯಿಸಬೇಡಿ. ನಮ್ಮ ಕಮಾಂಡರ್ ಹೋದ ಮೇ ತಿಂಗಳಲ್ಲಿ ಈ ರೀತಿ ಮಾಡಿಸಿದ್ದು, ಚೌಕಟ್ಟು ಒಣಗೇ ಇದೆ. ಬಲಗಡೆ ಮಾತ್ರ ಹನಿ ಹನಿ ನೀರು ಇನ್ನೂ ಬರುತ್ತಿತ್ತು, ಪೈಪ್ ಹಿಡಿದು ನೋಡಿದರೆ ಅದು ವೈಪರ್ ತೂತಿನ ವಾಷರ್.