ಹರಿಯದ ಕನಕ, ಬಿರಿಯುವ ರೊಟ್ಟಿ

ಯುಗಾದಿಯ ದಿನ ಗೋವಿಂದರಾಜನಗರದ ಮನೆಗಳಲ್ಲಿ ಹೋಳಿಗೆಯ ಸಂಭ್ರಮ. ಅದೇ ಬೀದಿಗಳಲ್ಲಿ ವಿಜಯಪುರ, ಕಲಬುರಗಿಗಳ ಕಡೆಯಿಂದ ಬಂದು ನೆಲೆಸಿದವರ ಮನೆಗಳಲ್ಲಿ ನಿತ್ಯವೂ ಜೋಳದ ರೊಟ್ಟಿ ಬಡಿಯುವ ಸದ್ದು. ಹೋಳಿಗೆಯ ಕನಕವು ಪೊರೆಯಷ್ಟು ತೆಳುವಾಗಿ ಹಿಗ್ಗಿದರೂ ಹರಿಯದು. ರೊಟ್ಟಿಯ ಅಂಚಾದರೋ ಎಷ್ಟು ಜತನದಿಂದ ತಟ್ಟಿದರೂ ಬಿರಿಯುತ್ತದೆ. ಹೊಸ ಸೊಸೆಯ ಕೈಗುಣವನ್ನು ಹಳಿಯುವ ಮುನ್ನ ಕಾಳಿನ ಗುಣವನ್ನು ಅರಿಯುವುದು ನ್ಯಾಯ.

ಬಿರುಕು ಮುಂದುವರಿಯಬೇಕಾದರೆ ಶಕ್ತಿ ವ್ಯಯವಾಗಬೇಕೆಂದು ಇಂಗ್ಲೆಂಡಿನ ಗ್ರಿಫಿತ್ 1921ರಲ್ಲಿ ಗಾಜನ್ನು ಕುರಿತು ವಿವರಿಸಿದರು. ಗಾಜಿನಲ್ಲಿ ಆ ವ್ಯಯ ಅತ್ಯಲ್ಪ. ಆದುದರಿಂದಲೇ ಅದು ಥಟ್ಟನೆ ಒಡೆಯುತ್ತದೆ. ರಬ್ಬರಿನ ಸಂಗತಿ ಬೇರೆ. ಅದರ ಅಣುಗಳು ಉದ್ದನೆಯ ಸರಪಳಿಗಳು. ಒಂದು ಕೊಂಡಿ ಕಳಚಬೇಕಾದರೂ ಆ ಎಳೆಯ ಕೊಂಡಿಗಳೆಲ್ಲವೂ ಬಿಗಿಯಬೇಕು ಎಂಬುದನ್ನು ಲೇಕ್ ಮತ್ತು ಥಾಮಸ್ 1967ರಲ್ಲಿ ತೋರಿಸಿಕೊಟ್ಟರು. ಹರಿಯುವುದು ಒಂದೇ ಕೊಂಡಿಯಾದರೂ ಭಾರ ಹೊರುವವು ನೂರಾರು.

ಗೋಧಿಯಲ್ಲಿಯೂ ಇಂಥ ಎಳೆಗಳುಂಟು. ಗ್ಲೂಟೆನಿನ್, ಗ್ಲಯಾಡಿನ್ ಎಂಬ ಪ್ರೋಟೀನುಗಳು ನೀರು ಕುಡಿದು, ನಾದುವಿಕೆಯಿಂದ ಬಲೆಯಂತೆ ಹೆಣೆದುಕೊಳ್ಳುತ್ತವೆ. ಮೊದಲನೆಯದು ಮರಳಿ ಕುಗ್ಗುವ ಬಲವನ್ನೂ, ಎರಡನೆಯದು ಜಾರಿ ಹಿಗ್ಗುವ ಗುಣವನ್ನೂ ಕೊಡುತ್ತದೆ. ಕನಕವನ್ನು ಎಣ್ಣೆ ಹಾಕಿ ನೆನೆಯಲು ಬಿಡುವ ಹಿರಿಯರ ಪದ್ಧತಿ ಅರ್ಥಪೂರ್ಣ: ನಾದಿದಾಗ ಸೇರಿದ ಬಿಗುವು ಆ ಹೊತ್ತಿನಲ್ಲಿ ಸಡಿಲುತ್ತದೆ. ಅವಸರದಿಂದ ಎಳೆದರೆ ಅದೇ ಕನಕ ಹರಿದೀತು.

ಜೋಳದ ಪ್ರೋಟೀನು ಕಾಫಿರಿನ್. ಅದು ಸೂಕ್ಷ್ಮ ಕಣಗಳೊಳಗೆ ಅಡಗಿದ್ದು ಬಲೆ ಹೆಣೆಯಲಾರದು. ಆದಕಾರಣವೇ ಕುದಿಯುವ ಎಸರು. ಪಿಷ್ಟದ ಒಂದಂಶ ಬೆಂದು ಅಂಟಾಗಿ ಹಿಟ್ಟನ್ನು ಹಿಡಿದಿಡುತ್ತದೆ. ರೊಟ್ಟಿಯ ಅಗಲ ಇಮ್ಮಡಿಸಿದರೆ ಅಂಚಿನ ಸುತ್ತಳತೆಯೂ ಇಮ್ಮಡಿಸಬೇಕು. ನಡುವಿನ ಹಿಟ್ಟನ್ನು ಅಂಗೈ ಒತ್ತುತ್ತದೆ, ಅಂಚಿನದು ಮಾತ್ರ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ರೊಟ್ಟಿಯನ್ನು ತಿರುಗಿಸುತ್ತಲೇ ಇನ್ನೊಂದು ಕೈಯಿಂದ ಅಂಚನ್ನು ಒತ್ತಿ ಬಿರುಕು ಮುಚ್ಚುವ ನಮ್ಮ ತಾಯಂದಿರ ಚಾತುರ್ಯಕ್ಕೆ ಯಾವ ಯಂತ್ರವೂ ಸಾಟಿಯಲ್ಲವೆಂದೇ ನನ್ನ ಭಾವನೆ.

ರೊಟ್ಟಿ ಬಿರಿಯದಿರಲೆಂದು ಕೆಲವರು ಜೋಳದ ಹಿಟ್ಟಿಗೆ ಗೋಧಿ ಹಿಟ್ಟನ್ನು ಬೆರೆಸುವುದುಂಟು. ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಗೋಧಿಯ ಅಂಟು ಒಗ್ಗದ ಸೀಲಿಯಾಕ್ ರೋಗಿಗಳಿಗೆ ಅಲ್ಪ ಬೆರಕೆಯೂ ಕರುಳಿಗೆ ಹಾನಿಕರ. ಅಂಥವರಿರುವ ಮನೆಯವರು ಸಿದ್ಧ ರೊಟ್ಟಿ ಕೊಳ್ಳುವಾಗ ಬೆರಕೆಯ ವಿಚಾರವನ್ನು ಕೇಳಿ ತಿಳಿಯಬೇಕು. ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳವನ್ನು ಬೀಸಿಸಲಾಗದು.